ಪ್ರಸ್ತುತಿ ತಂತ್ರಾಂಶದ ಪೂರಕಗಳು: ಕನ್ನಡ ಉಪನ್ಯಾಸದ ದೃಷ್ಟಿಯಿಂದ

ಉಪನ್ಯಾಸದೊಡನೆ ಚಿತ್ರಗಳನ್ನು ತೆರೆಯ ಮೇಲೆ ಮೂಡಿಸಿ ತೋರಿಸುವ ಪದ್ಧತಿ ಇಂದು ನಿನ್ನೆಯದಲ್ಲ. ಮಾಯಾದೀಪದ ಗಾಜಿನ ಫಲಕಗಳು ಮಾಡುತ್ತಿದ್ದ ಕೆಲಸವನ್ನು ಈಗ ಗಣಕಯಂತ್ರದ ಪ್ರಸ್ತುತಿ ತಂತ್ರಾಂಶಗಳು ಮಾಡುತ್ತಿರುವುವು. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದ ಪವರ್‌ಪಾಯಿಂಟನ್ನು 1987ರಲ್ಲಿ ಫೋರ್‌ಥಾಟ್ ಎಂಬ ಅಮೆರಿಕದ ಸಂಸ್ಥೆಯು ಮ್ಯಾಕಿಂಟಾಷ್ ಯಂತ್ರಕ್ಕಾಗಿ ಹೊರತಂದಿತು; ಅದೇ ವರ್ಷ ಅದು ಮೈಕ್ರೋಸಾಫ್ಟ್ ಸಂಸ್ಥೆಯ ವಶವಾಯಿತು; 1990ರಲ್ಲಿ ವಿಂಡೋಸ್‌ಗೂ ಬಂದಿತು. ಇಂಥ ತಂತ್ರಾಂಶಕ್ಕೆ ಸ್ವತಃ ಇಲ್ಲದ ಶಕ್ತಿಯನ್ನು ಹೊರಗಿನಿಂದ ಜೋಡಿಸಿಕೊಡುವ ಚಿಕ್ಕ ಕ್ರಮವಿಧಿಗಳಿಗೆ ಆಡ್-ಇನ್ ಎಂದು ಹೆಸರು. ಪ್ರಕೃತ ಲೇಖನದಲ್ಲಿ ಇವನ್ನು ‘ಪೂರಕ’ಗಳೆಂದು ಕರೆಯುವೆವು. ಇವುಗಳ ಸಂಖ್ಯೆ ಬಹಳ. ಅವೆಲ್ಲವನ್ನೂ ಹೆಸರಿಸುವುದು ನಮ್ಮ ಉದ್ದೇಶವಲ್ಲ. ಕಲಬುರಗಿಯಲ್ಲಿ ಸಿದ್ಧಪಡಿಸಿ ಬೇರೆಡೆಗೆ ಒಯ್ದು ತೋರಿಸುವ ಕನ್ನಡ ಉಪನ್ಯಾಸಕ್ಕೆ ಯಾವ ಪೂರಕವು ಉಪಯುಕ್ತ ಎಂಬುದಷ್ಟನ್ನೇ ವಿಚಾರಿಸಲಿದ್ದೇವೆ.

ಈ ವಿಚಾರಕ್ಕೆ ನಮ್ಮನ್ನು ಹಚ್ಚಿದುದು ಕಮಲಾಪುರದಲ್ಲಿ ನಡೆದ ಒಂದು ಸಂಗತಿ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಈ ಊರು ತನ್ನ ಕೆಂಪು ಬಾಳೆಗೆ ಹೆಸರಾದುದು. ಆ ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿರುವುದು. ಅಲ್ಲಿಯ ಬೆಳೆಗಾರರಿಗೆ ಮಣ್ಣಿನ ಪರೀಕ್ಷೆಯನ್ನು ಕುರಿತು ತಿಳಿಸಲು ನಾವು ಹೋಗಿದ್ದೆವು. ಸ್ಲೈಡುಗಳನ್ನು ವಿಭಾಗದ ಗಣಕದಲ್ಲಿ ಸಿದ್ಧಪಡಿಸಿ ಪೆನ್‌ಡ್ರೈವಿನಲ್ಲಿ ಒಯ್ದಿದ್ದೆವು. ಪ್ರೊಜೆಕ್ಟರಿಗೆ ಜೋಡಿಸಿದ್ದುದು ಅಲ್ಲಿಯದೇ ಯಂತ್ರ. ಮೊದಲ ಸ್ಲೈಡು ತೆರೆದಾಗ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳು, ಪೌಂಡಿನ ಚಿಹ್ನೆ, ನೆತ್ತಿಯ ಮೇಲೆ ಗೀಟು ಹೊತ್ತ ಸ್ವರಗಳು ತೆರೆಯ ತುಂಬ ಹರಡಿದ್ದುವು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, “ಇದ್ ಯಾವ ಭಾಷಾ ಅದರೀ ಸರ್?” ಎಂದು ಕೇಳಿದರು. ಪ್ರೇಕ್ಷಕರ ಅಭಿಪ್ರಾಯವನ್ನು ಕೂಡಲೇ ಎಣಿಸಿ ತೋರಿಸಬೇಕಾಗಿದ್ದ ಸ್ಲೈಡು, ಅಂತರಜಾಲ ದೊರೆಯದೆ ಬರಿದಾಗಿ ನಿಂತಿತು. ಆದರೆ ಪೂರಕವೊಂದರಿಂದ ರಚಿಸಿದ್ದ ರಾಸಾಯನಿಕ ಸಮೀಕರಣ ಮಾತ್ರ ಚುಕ್ಕೆಯೂ ಕದಲದೆ ಹಾಗೆಯೇ ಇತ್ತು. (ಬಾಳೆ ಬೆಳೆಗಾರರಿಗೆ ಆ ಸಮೀಕರಣವನ್ನು ತೋರಿಸಬೇಕಾಗಿತ್ತೆ ಎಂಬುದು ಬೇರೆ ಮಾತು.)

ಒಂದೇ ಕಡತದ ಮೂರು ಭಾಗಗಳು ಹೀಗೆ ಮೂರು ಬಗೆಯಾಗಲು ಕಾರಣವೇನು? ಪೂರಕಗಳಲ್ಲಿ ಎರಡು ಜಾತಿಗಳುಂಟು. ಸ್ಲೈಡನ್ನು ರಚಿಸುವಾಗ ಮಾತ್ರ ದುಡಿದು, ತನ್ನ ಫಲವನ್ನು ಸ್ಲೈಡಿನಲ್ಲಿಯೇ ಬಿಟ್ಟು ಮರೆಯಾಗುವುದು ಒಂದು; ಪ್ರದರ್ಶನದ ಕ್ಷಣದಲ್ಲಿಯೂ ಹಾಜರಿರಬೇಕಾದುದು ಇನ್ನೊಂದು. ಸಮೀಕರಣವನ್ನು ಬರೆದ ಇಗ್ವಾನಾಟೆಕ್ ಮೊದಲನೆಯ ಜಾತಿಯದು. ಲೇಟೆಕ್ ಭಾಷೆಯಲ್ಲಿ ಬರೆದ ಸೂತ್ರವನ್ನು ಅದು ಚಿತ್ರವನ್ನಾಗಿ ಮಾರ್ಪಡಿಸಿ ಸ್ಲೈಡಿನಲ್ಲಿ ಇರಿಸುವುದು. ಮೂಲ ಬರಹವನ್ನು ಆ ಚಿತ್ರದೊಡನೆಯೇ ಅಡಗಿಸಿಡುವುದರಿಂದ ಮುಂದೆ ತಿದ್ದುವುದಕ್ಕೂ ಅಡ್ಡಿಯಿಲ್ಲ. ತೋರಿಸುವ ಯಂತ್ರದಲ್ಲಿ ಲೇಟೆಕ್ ಆಗಲಿ, ಆ ಪೂರಕವಾಗಲಿ ಇರಬೇಕಾಗಿಲ್ಲ. ಲಿಬ್ರೆಆಫೀಸ್ ಇಂಪ್ರೆಸ್ ಬಳಸುವವರಿಗೆ ಇದೇ ಕೆಲಸವನ್ನು ಟೆಕ್ಸ್‌ಮ್ಯಾತ್ಸ್ ಮಾಡಿಕೊಡುವುದು. ಸ್ಲೈಡೊ, ಮೆಂಟಿಮೀಟರ್ ಮೊದಲಾದ ಅಭಿಪ್ರಾಯ ಸಂಗ್ರಹದ ಪೂರಕಗಳು ಎರಡನೆಯ ಜಾತಿಗೆ ಸೇರಿದುವು. ಅಂತರಜಾಲ, ಪ್ರೇಕ್ಷಕರ ಕೈಯಲ್ಲಿ ಫೋನು, ಇವೆರಡೂ ಇದ್ದಲ್ಲಿ ಅವು ತರಗತಿಗೆ ಕಳೆ ತರುವುವು. ಇಲ್ಲದಲ್ಲಿ ಕೈಯೆತ್ತಿಸಿ ಎಣಿಸುವುದೇ ಸುಲಭ.

ಇನ್ನು ಕನ್ನಡದ ವಿಷಯ. ಇಲ್ಲಿ ತಪ್ಪು ಯಾವ ಪೂರಕದ್ದೂ ಅಲ್ಲ, ಅಕ್ಷರಸಂಕೇತದ್ದು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ಹುಟ್ಟಿದ ಕಾಲದಲ್ಲಿ ಗಣಕದೊಳಗೆ ಕನ್ನಡಕ್ಕೆಂದು ಸಿದ್ಧವಾದ ಸ್ಥಳ ಬಳಕೆಗೆ ಬಂದಿರಲಿಲ್ಲ. 256 ಮನೆಗಳುಳ್ಳ ಇಂಗ್ಲಿಷಿನ ಪಟ್ಟಿಯಲ್ಲಿಯೇ ಕನ್ನಡಾಕ್ಷರಗಳ ತುಂಡುಗಳನ್ನು ಕೂರಿಸಿ ನಮ್ಮವರು ಕೆಲಸ ನಡೆಸಿದರು. ಅದು ಅಂದಿಗೆ ದೊಡ್ಡ ಉಪಕಾರವೇ ಸರಿ. ಆ ಸಂಕೇತದಲ್ಲಿ ‘ಕ’ ಎಂಬುದು ಇಂಗ್ಲಿಷಿನ ಪಿ ಹಾಗೂ ಗೀಟುಳ್ಳ ಎ ಎಂಬ ಎರಡು ಚಿಹ್ನೆಗಳ ಜೋಡಣೆ. ‘ಕನ್ನಡ’ ಎಂಬ ಪದಕ್ಕೆ ಏಳು ಚಿಹ್ನೆಗಳು. ಫಾಂಟು ಇಲ್ಲದ ಯಂತ್ರವು ಆ ಏಳನ್ನೂ ಪ್ರಾಮಾಣಿಕವಾಗಿ ಇಂಗ್ಲಿಷಿನಂತೆಯೇ ತೋರಿಸುವುದು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಪಟ್ಟಿಯಲ್ಲಾದರೋ ಕನ್ನಡಕ್ಕೆ 128 ಮನೆಗಳ ಪ್ರತ್ಯೇಕ ಕೇರಿಯೇ ಉಂಟು. ಅಲ್ಲಿ ‘ಕನ್ನಡ’ ಎಂಬುದಕ್ಕೆ ಐದೇ ಸಂಕೇತಗಳು. ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ ಬಂದ ತುಂಗ, 2012ರ ವಿಂಡೋಸ್ 8ರೊಡನೆ ಬಂದ ನಿರ್ಮಲ ಫಾಂಟುಗಳು ಅವನ್ನು ಓದಬಲ್ಲುವು.

ಹಳೆಯ ಫಾಂಟನ್ನೇ ಕಡತದೊಳಗೆ ಹುದುಗಿಸಿ ಒಯ್ದರಾಗದೆ ಎಂದು ಕೇಳಬಹುದು. ಫಾಂಟಿನ ಪರವಾನಗಿ ಒಪ್ಪಿದಲ್ಲಿ ಪವರ್‌ಪಾಯಿಂಟಿನಲ್ಲಿ ಆ ಅನುಕೂಲವಿದೆ. ಆದರೆ ಅದರಿಂದ ಉಳಿಯುವುದು ರೂಪ ಮಾತ್ರ. ಪದವನ್ನು ಹುಡುಕಿದರೆ ಸಿಕ್ಕದು. ದೃಷ್ಟಿಹೀನ ವಿದ್ಯಾರ್ಥಿಯು ತೆರೆವಾಚಕದ ಸಹಾಯದಿಂದ ಆ ಸ್ಲೈಡನ್ನು ಕೇಳಹೊರಟರೆ ಅವನ ಕಿವಿಗೆ ಬೀಳುವುದು ಕಮಲಾಪುರದ ಹಿರಿಯರು ಕಣ್ಣಿನಿಂದ ಕಂಡ ಅದೇ ಗೊಂದಲ. ಆದುದರಿಂದ ಪರಿವರ್ತನೆಯೊಂದೇ ದಾರಿ.

ಪರಿವರ್ತಕಗಳು ಅಂತರಜಾಲದಲ್ಲಿ ದೊರೆಯುವುವಾದರೂ ಪ್ರತಿಯೊಂದು ಪಠ್ಯಪೆಟ್ಟಿಗೆಯನ್ನೂ ನಕಲಿಸಿ ಅಂಟಿಸುವುದು ಬೇಸರದ ಕೆಲಸ. ಪವರ್‌ಪಾಯಿಂಟಿನೊಳಗಣ ವಿಬಿಎ ಭಾಷೆಯಲ್ಲಿ ನಾವೇ ಒಂದು ಚಿಕ್ಕ ಪೂರಕವನ್ನು ಬರೆದುಕೊಂಡೆವು. ಬರೆಯುವಾಗ ಎದುರಾದ ತೊಡಕುಗಳು ಇತರರಿಗೂ ಎದುರಾಗುವುವು. ವಿಬಿಎ ಬರೆಯುವ ಪುಟವು ಯೂನಿಕೋಡನ್ನು ಅರಿಯದು. ಅದರಲ್ಲಿ ‘ಕ’ ಎಂದು ಬರೆದರೆ ಪ್ರಶ್ನಾರ್ಥಕ ಚಿಹ್ನೆ ಮೂಡುವುದು. ಆದುದರಿಂದ ಅಕ್ಷರದ ಬದಲು ಅದರ ಸಂಖ್ಯೆಯನ್ನು ಕೊಡಬೇಕು: ‘ಕ’ಕ್ಕೆ 3221, ‘ರ’ಕ್ಕೆ 3248, ವಿರಾಮಚಿಹ್ನೆಯಾದ ‘್’ಗೆ 3277. ಇಡೀ ಸ್ಲೈಡನ್ನು ಒಮ್ಮೆಗೇ ಪರಿವರ್ತಿಸಹೋದರೆ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ತುಂಡುಗಳಾಗಿ ಕೆಡುವುವು. ತುಣುಕು ತುಣುಕಾಗಿ ಫಾಂಟಿನ ಹೆಸರನ್ನು ನೋಡಿ, ಹಳೆಯ ಕನ್ನಡ ಫಾಂಟಿನವನ್ನು ಮಾತ್ರ ಬದಲಿಸಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡಿದುದು ಅರ್ಕಾವತ್ತು. ಹಳೆಯ ಸಂಕೇತದಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಎಂದರೆ ತಾನು ಸೇರುವ ಅಕ್ಷರದ ನಂತರ ಬರುವುದು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ‘ರ್’ ಮೊದಲು ಬರುವುದು. ‘ಗುಲಬರ್ಗಾ’ ಎಂಬಲ್ಲಿ ‘ಗಾ’ದ ಆಚೆಗಿರುವ ಚಿಹ್ನೆಯನ್ನು ಎತ್ತಿ ಅದರ ಹಿಂದಕ್ಕೆ ತರಬೇಕು. 2014ರ ನವೆಂಬರ್ 1ರಿಂದ ಊರಿಗೆ ಅಧಿಕೃತವಾಗಿ ಬಂದ ‘ಕಲಬುರಗಿ’ ಎಂಬ ಹೆಸರಿನಲ್ಲಿ ಅರ್ಕಾವತ್ತಿಲ್ಲದುದು ಪರಿವರ್ತಕರ ಪಾಲಿಗೆ ಒಂದು ಸೌಕರ್ಯ. ಆದರೆ ನಮ್ಮ ಹಳೆಯ ಸ್ಲೈಡುಗಳಲ್ಲೆಲ್ಲ ಮೊದಲಿನ ಹೆಸರೇ ಇರುವುದು. ಪದದ ಅರ್ಧಭಾಗವನ್ನು ಮಾತ್ರ ದಪ್ಪಕ್ಷರದಲ್ಲಿ ಬರೆದಿದ್ದರೆ ಅಕ್ಷರವೊಂದು ತುಣುಕಿನಲ್ಲಿ, ಅದರ ಅರ್ಕಾವತ್ತು ಮತ್ತೊಂದು ತುಣುಕಿನಲ್ಲಿ ಉಳಿಯುವುದೂ ಉಂಟು. ಅಂಥವನ್ನು ಕೈಯಿಂದಲೇ ತಿದ್ದಬೇಕಾಯಿತು.

ಇಂಥ ಪೂರಕಗಳನ್ನು ಪರರಿಂದ ಪಡೆಯುವಾಗ ಎಚ್ಚರ ಅಗತ್ಯ. ಅಂತರಜಾಲದಿಂದ ಬಂದ ಕಡತಗಳಲ್ಲಿನ ವಿಬಿಎ ಕ್ರಮವಿಧಿಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2022ರಿಂದ ತಾನಾಗಿಯೇ ತಡೆಯುತ್ತಿರುವುದು ಸಕಾರಣವಾಗಿದೆ. ಪರಊರಿಗೆ ಹೊರಡುವವರು ಸ್ಲೈಡುಗಳ ಪಿಡಿಎಫ್ ಪ್ರತಿಯೊಂದನ್ನು ಜೊತೆಗಿಟ್ಟುಕೊಳ್ಳುವುದು ಲೇಸು. ಒಂದರ ಮೇಲೊಂದು ಮೂಡುವ ಚಿತ್ರಗಳಿದ್ದರೆ ಪಿಡಿಎಫ್‌ನಲ್ಲಿ ಅವೆಲ್ಲ ಒಟ್ಟಿಗೆ ಮೆತ್ತಿಕೊಳ್ಳುವುವು. ಪಿಪಿಸ್ಪ್ಲಿಟ್ ಎಂಬ ಪೂರಕವು ಪ್ರತಿ ಹಂತವನ್ನೂ ಬೇರೆ ಸ್ಲೈಡಾಗಿ ಬಿಡಿಸಿಕೊಡುವುದು.

ಎರಡನೆಯ ಬಾರಿ ಕಮಲಾಪುರಕ್ಕೆ ಹೋದಾಗ ಪರಿವರ್ತಿಸಿದ ಕಡತವನ್ನೂ ಪಿಡಿಎಫ್ ಪ್ರತಿಯನ್ನೂ ಒಯ್ದಿದ್ದೆವು. ಶೀರ್ಷಿಕೆಗಳು, ಕೋಷ್ಟಕಗಳು ಎಲ್ಲವೂ ಸರಿಯಾಗಿಯೇ ಕಂಡುವು, ಒಂದು ನಕ್ಷೆಯ ಹೊರತು. ತಿಂಗಳುಗಳ ಹೆಸರು ಬರೆದಿದ್ದ ಅದರ ಅಡಿಗೆರೆಯಲ್ಲಿ ಹನ್ನೆರಡು ಕಡೆಯೂ ಹಳೆಯ ಗೊಂದಲವೇ ಇದ್ದಿತು. ನಕ್ಷೆಯ ಪಠ್ಯವು ಸ್ಲೈಡಿನಲ್ಲಿರದೆ ಅದರೊಳಗೆ ಹುದುಗಿದ ಎಕ್ಸೆಲ್ ಹಾಳೆಯಲ್ಲಿರುವುದರಿಂದ ನಮ್ಮ ಪೂರಕವು ಅದನ್ನು ಮುಟ್ಟಿಯೇ ಇರಲಿಲ್ಲ. ಆ ಹಾಳೆಯನ್ನು ತೆರೆದು ಪರಿವರ್ತಿಸುವ ಭಾಗವನ್ನು ಈಗ ಬರೆಯುತ್ತಿದ್ದೇವೆ. ಅಲ್ಲಿಯವರೆಗೆ ತಿಂಗಳ ಹೆಸರುಗಳನ್ನು ಹೊಸದಾಗಿ ಕೈಯಿಂದಲೇ ಬರೆದಿರುತ್ತೇವೆ.