ಬೇತಾಳನ ಬಾಗಿಲು: ರೂವಾರಿಯ ಅರಿವು ಮತ್ತು ಶರಣರ ಬೆಡಗು

ಹಾಸನಕ್ಕೆ ಪೂರ್ವದಲ್ಲಿ ಹೆದ್ದಾರಿಯ ಮೇಲಿರುವ ನಮ್ಮ ಶಾಂತಿಗ್ರಾಮವು ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲಾದೇವಿಯ ಹೆಸರಿನಿಂದ ಬೆಳೆದ ಊರೆಂಬುದು ಈ ಸೀಮೆಯವರೆಲ್ಲರೂ ಬಲ್ಲ ಮಾತು. ಆ ಮಹಾರಾಣಿಯ ತಂದೆ ಮಾರಸಿಂಗಯ್ಯ ಶಿವಭಕ್ತ; ತಾಯಿ ಮಾಚಿಕಬ್ಬೆ ಜಿನಭಕ್ತೆ; ಪತಿ ವಿಷ್ಣುಭಕ್ತ. ಆಕೆಯೇ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು, ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನೂ ಎತ್ತಿಸಿದಳು. ಗೀತ, ವಾದ್ಯ, ನೃತ್ಯಗಳಲ್ಲಿ ಆಕೆಗಿದ್ದ ಪ್ರಾವೀಣ್ಯವನ್ನು ಶಾಸನಗಳು ಮನಸಾರೆ ಹೊಗಳುತ್ತವೆ. ಇಂತಹ ಅರಮನೆಯ ಆಶ್ರಯದಲ್ಲಿ ದುಡಿದ ಕಲಾವಿದನು ಒಂದೇ ಮತದ ಕಥೆಯನ್ನು ಬಲ್ಲವನಾಗಿದ್ದರೆ ಸಾಲದಾಗಿತ್ತು. ಅವನು ಏನನ್ನು ಬಲ್ಲವನಾಗಿದ್ದ, ಆ ಅರಿವಿಗೂ ನಮ್ಮ ಶರಣರ ವಾಣಿಗೂ ಏನಾದರೂ ನಂಟುಂಟೇ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದುದು ಗ್ರಂಥಾವಲೋಕನದಿಂದಲ್ಲ. ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಒಮ್ಮೆ ಮಕ್ಕಳನ್ನು ದೊಡ್ಡಗದ್ದವಳ್ಳಿಗೆ ಕರೆದೊಯ್ದಿದ್ದೆ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಿಂದ ತುಸು ಒಳಗೆ, ಕೆರೆಯ ದಡದಲ್ಲಿ ಆ ದೇಗುಲವಿದೆ. ಏಳನೆಯ ತರಗತಿಯ ಹುಡುಗನೊಬ್ಬ ಕಾಳಿಯ ಗುಡಿಯ ಮುಂದೆ ನಿಂತುಬಿಟ್ಟು, "ಸಾರ್, ದೇವರ ಬಾಗಿಲಲ್ಲಿ ಹೆಣವನ್ನು ಯಾಕೆ ನಿಲ್ಲಿಸಿದ್ದಾರೆ?" ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಧೈರ್ಯವೂ ಆಗ ಇರಲಿಲ್ಲ. "ಅದನ್ನೆಲ್ಲ ನೋಡಬಾರದು, ಮುಂದೆ ನಡಿ" ಎಂದೆ.

ಅವನು ಕಂಡದ್ದು ಬೇತಾಳ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ 1113ರ ಸುಮಾರಿನದು. ಎಂದರೆ 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನಿಗಿಂತಲೂ ಹಿಂದಿನದು. ಇದನ್ನು ಕಟ್ಟಿಸಿದವನು ಅರಸನಲ್ಲ, ದಂಡನಾಯಕನೂ ಅಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಮಡದಿ ಸಹಜಾದೇವಿ. ಊರಿಗೆ ಅವರು ಅಭಿನವ ಕೊಲ್ಲಾಪುರವೆಂದು ಹೆಸರಿಟ್ಟರು. ನಾಲ್ಕು ಗರ್ಭಗೃಹಗಳು ಒಂದಕ್ಕೊಂದು ಎದುರುಬದುರಾಗಿ ಕೂಡಿರುವ ಚತುಷ್ಕೂಟ ಇದು. ಒಂದರಲ್ಲಿ ಮಹಾಲಕ್ಷ್ಮಿ, ಒಂದರಲ್ಲಿ ಭೂತನಾಥನೆಂಬ ಲಿಂಗ, ಒಂದರಲ್ಲಿ ಕಾಳಿ. ಇನ್ನೊಂದರಲ್ಲಿ ಈಗಿರುವುದು ಭೈರವ. ಸಿರಿಯ ದೇವಿಯೂ ಸಂಹಾರದ ದೇವಿಯೂ ಒಂದೇ ಸೂರಿನಡಿ ಇರುವುದು ನಮಗೆ ವಿಚಿತ್ರವೆನಿಸಬಹುದು. ಆದರೆ ಕೊಲ್ಲಾಪುರದ ಶಾಕ್ತ ಸಂಪ್ರದಾಯದಲ್ಲಿ ಮಹಾಲಕ್ಷ್ಮಿಯು ಕೇವಲ ವಿಷ್ಣುಪತ್ನಿಯಲ್ಲ, ಆದಿಶಕ್ತಿ; ಕಾಳಿ ಅವಳದೇ ಮತ್ತೊಂದು ಮುಖ. ಹೀಗೆ ನೋಡಿದರೆ ಊರಿಗಿಟ್ಟ ಹೆಸರೇ ಗುಡಿಯ ಒಳಗಣ ವ್ಯವಸ್ಥೆಗೆ ಕೀಲಿಕೈ. ಅಲ್ಲಿಯ ಶಾಸನವು ಮಲ್ಲೋಜ ಮಾಣಿಯೋಜನೆಂಬ ರೂವಾರಿಯ ಹೆಸರನ್ನು ಉಳಿಸಿಕೊಟ್ಟಿದೆ.

ಕಾಳಿಯ ಬಾಗಿಲ ಇಕ್ಕೆಲದ ಬೇತಾಳಗಳನ್ನು ಸಾವಧಾನವಾಗಿ ನೋಡಬೇಕು. ಬತ್ತಲೆ ಮೈ, ಬೆನ್ನಿಗೆ ಹತ್ತಿದ ಹೊಟ್ಟೆ, ಒಂದೊಂದಾಗಿ ಎಣಿಸಬಹುದಾದ ಪಕ್ಕೆಲುಬು, ಹೊರಚಾಚಿದ ಕಣ್ಣು. ಹೊಯ್ಸಳರ ರೂವಾರಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಬೆಳಕಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಮದನಿಕೆಯ ಕೊರಳ ಸರವನ್ನು ಬಿಡಿಸಲು ಒದಗಿದ ಗುಣವೇ ಬೇತಾಳನ ಎಲುಬನ್ನು ಬಿಡಿಸಲೂ ಒದಗಿತು. ಚೆಲುವನ್ನು ಕಡೆಯಬಲ್ಲವನಿಗೆ ಕುರೂಪವನ್ನು ಕಡೆಯುವುದು ಸುಲಭವೆಂದು ಯಾರೂ ಭಾವಿಸಬಾರದು. ತೊಗಲಿನ ಕೆಳಗೆ ಎಲುಬು ಹೇಗೆ ಕೂತಿರುತ್ತದೆಂಬುದನ್ನು ಅರಿಯದವನು ಅದನ್ನು ಕಡೆಯಲಾರ.

ಆದರೆ ಕಣ್ಣಿನ ಅರಿವೊಂದೇ ಅವನ ಬಂಡವಾಳವಾಗಿರಲಿಲ್ಲ. ಮೂರ್ತಿಗೆ ಅಳತೆ ಉಂಟು. ಅಳತೆಗೆ ಮೂಲಮಾನ ತಾಳ. ತಾಳವೆಂದರೆ ಮುಖದ ಉದ್ದ, ಹನ್ನೆರಡು ಅಂಗುಲ. ನವತಾಳದ ಮೂರ್ತಿ 108 ಅಂಗುಲ. ಶಿಶುವಿಗೆ ಐದು ತಾಳ, ಉಗ್ರಮೂರ್ತಿಗೆ ಹನ್ನೆರಡು ತಾಳ ಎಂದು ಶುಕ್ರನೀತಿಯ ಮತ. (ಈ ಅಳತೆಗಳನ್ನು ವಿವರಿಸಿ ಅವನೀಂದ್ರನಾಥ ಠಾಕೂರರು ಬರೆದ ಪುಸ್ತಕ 1914ರಲ್ಲಿ ಹೊರಬಂದಾಗ, ನಂದಲಾಲ ಬಸು ಅವರೊಡನೆ ಅದಕ್ಕೆ ರೇಖಾಚಿತ್ರಗಳನ್ನು ಬರೆದುಕೊಟ್ಟವರು ಅವರ ಶಿಷ್ಯರೇ ಆಗಿದ್ದ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಎಂಬುದನ್ನು ಕನ್ನಡಿಗರು ಮರೆಯಬಾರದು.) ಅಳತೆಯ ಮೇಲೆ ಧ್ಯಾನಶ್ಲೋಕ. ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಏನು, ಮುಖಭಾವ ಹೇಗೆ ಎಂಬುದೆಲ್ಲ ಅದರಲ್ಲಿ ಅಡಕ. ಅದು ಮೂಲತಃ ಉಪಾಸಕನು ಕಣ್ಮುಚ್ಚಿ ಒಳಗೆ ಕಾಣಬೇಕಾದ ರೂಪ. ರೂವಾರಿಯು ಅದನ್ನು ಕಣ್ತೆರೆದವರಿಗಾಗಿ ಹೊರಗೆ ತಂದ. ಗುರುಮುಖದಿಂದ ಕಿವಿಗೆ ಇಳಿಯುತ್ತಿದ್ದ ತಂತ್ರದ ಗುಟ್ಟು ಕಲ್ಲುಕುಟಿಗನ ಉಳಿಯ ತುದಿಗೆ ಬಂದದ್ದು ಹೀಗೆ.

ಈ ಅರಿವು ಎಷ್ಟು ಕರಾರುವಾಕ್ಕಾಗಿತ್ತೆಂಬುದಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಬೇಕು. ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇಗುಲದ ಗೋಡೆಗಳಲ್ಲಿ ಬೈಚೋಜ ಮತ್ತು ಮಲ್ಲಿತಮ್ಮ ಎಂಬ ಇಬ್ಬರು ರೂವಾರಿಗಳ ಕೈಚಳಕವಿದೆ. ಅಂತಹ ಗೋಡೆಗಳಲ್ಲಿ ವಿಷ್ಣುವಿನ ಮೂರ್ತಿಗಳು ನೋಡುವವರಿಗೆ ಒಂದೇ ಬಗೆಯಾಗಿ ಕಾಣುತ್ತವೆ. ನಾಲ್ಕು ಕೈ, ಶಂಖ, ಚಕ್ರ, ಗದೆ, ಪದ್ಮ. ಆದರೆ ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಿಗೆ ಎಷ್ಟು ವಿಧವಾಗಿ ಕೊಡಬಹುದು? ಮೊದಲ ಕೈಗೆ ನಾಲ್ಕು, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಎರಡು, ಕೊನೆಯದಕ್ಕೆ ಒಂದು, ಗುಣಿಸಿದರೆ ಇಪ್ಪತ್ತನಾಲ್ಕು. ಕೇಶವಾದಿ ಚತುರ್ವಿಂಶತಿ ನಾಮಗಳು ಇವೇ. ಒಂದು ಕೈಯ ಶಂಖ ಇನ್ನೊಂದಕ್ಕೆ ಹೋದರೆ ಮೂರ್ತಿಯ ಹೆಸರೇ ಬೇರೆಯಾಗುತ್ತದೆ. ಗಣಿತ ಪಾಠ ಹೇಳುವಾಗ ಈ ಉದಾಹರಣೆಯನ್ನು ನಾನು ಎಷ್ಟೋ ಸಲ ಬಳಸಿಕೊಂಡಿದ್ದೇನೆ. ಮಕ್ಕಳು ಲೆಕ್ಕವನ್ನು ಮರೆತರೂ ಮೂರ್ತಿಯನ್ನು ಮರೆಯುತ್ತಿರಲಿಲ್ಲ.

ಇನ್ನು ಈ ಅರಿವಿನ ತವರು ಯಾವುದೆಂಬ ಪ್ರಶ್ನೆ. ಇದಕ್ಕೆ ಬೇಲೂರಿನ ಮದನಿಕೆಗಳ ಪೀಠದಲ್ಲೇ ಒಂದು ಸುಳಿವು ಉಂಟು. ಅಲ್ಲಿ ಹೆಸರು ಬರೆದಿಟ್ಟವರಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಪ್ರಮುಖರು. ಬಳ್ಳಿಗಾವೆ ಎಂದೊಡನೆ ನಮ್ಮ ವಾಚಕರ ಕಿವಿ ನೆಟ್ಟಗಾಗಬೇಕು. ಹರಿಹರನ ಪ್ರಭುದೇವರ ರಗಳೆಯ ಪ್ರಕಾರ ಅಲ್ಲಮಪ್ರಭುಗಳ ಹುಟ್ಟೂರು ಅದೇ. ಬಳ್ಳಿಗಾವೆಯ ಕೋಡಿಯ ಮಠ ಕಾಳಾಮುಖ ಯತಿಗಳ ವಿದ್ಯಾಕೇಂದ್ರವಾಗಿತ್ತು. ಅಲ್ಲಿ ವೇದ, ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧದರ್ಶನ, ಲಾಕುಳ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣಗಳೆಲ್ಲ ವ್ಯಾಖ್ಯಾನಗೊಳ್ಳುತ್ತಿದ್ದುವೆಂದು 1162ರ ಶಾಸನವು ಹೇಳುತ್ತದೆ. ಅದೇ ಊರಿನಲ್ಲಿ ಬೌದ್ಧ ವಿಹಾರವೂ ಜೈನ ಬಸದಿಯೂ ಇದ್ದುವು. ಆ ಗಾಳಿಯನ್ನು ಉಸಿರಾಡಿದ ಒಬ್ಬನು ಉಳಿ ಹಿಡಿದು ಬೇಲೂರಿಗೆ ಬಂದ. ಮುಂದೆ ಒಂದೆರಡು ತಲೆಮಾರಿನೊಳಗೆ ಇನ್ನೊಬ್ಬರು ಬರಿಗೈಯಲ್ಲಿ ಕಲ್ಯಾಣಕ್ಕೆ ನಡೆದರು.

ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನು ಓದಿದವರಿಗೆ ಅಲ್ಲಿ ಎದುರಾಗುವ ಹೆಣ, ಹಾವು, ಹೆಣ್ಣು, ತಲೆಯಿಲ್ಲದ ಮುಂಡ ಇವೆಲ್ಲ ಬಲ್ಲ ಸಂಗತಿ. ಅವುಗಳಿಗೆ ಟೀಕೆ ಬರೆಯದೆ ಅರ್ಥ ಹೊರಡದು. ಸಿದ್ಧರ ಗೂಢಭಾಷೆಯ ಈ ಸಂಪತ್ತೇ ಹೊಯ್ಸಳರ ಗೋಡೆಗಳಲ್ಲಿ ನಾಯಿಯೊಡನೆ ನಿಂತ ಬತ್ತಲೆ ಭೈರವನಾಗಿ, ಕಪಾಲ ಧರಿಸಿದ ಕಾಳಿಯಾಗಿ, ಹಾವು ಸುತ್ತಿದ ಮೋಹಿನಿಯಾಗಿ ನಿಂತಿದೆ. ಗೂಢವನ್ನು ಒಬ್ಬನು ಕಣ್ಣಿಗೆ ಒಡ್ಡಿದ, ಇನ್ನೊಬ್ಬರು ಕಿವಿಗೆ ಒಡ್ಡಿದರು. ಕಾಳಿ ಎಂದರೆ ಕಾಲ. ಕಾಲನ ಮನೆಗೆ ಹೋಗುವವನು ಮೊದಲು ತನ್ನ ಎಲುಬನ್ನೇ ಕಂಡು ಒಳಗೆ ಹೋಗಲೆಂದು ಮಾಣಿಯೋಜನು ಅಲ್ಲಿ ಬೇತಾಳನನ್ನು ನಿಲ್ಲಿಸಿದ ಎಂಬುದು ನನ್ನ ಎಣಿಕೆ. ಹುಡುಗನಿಗೆ ಅಂದು ಹೇಳಬೇಕಾಗಿದ್ದ ಉತ್ತರ ಪ್ರಾಯಶಃ ಇದು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಶರಣರು ಸ್ಥಾವರವನ್ನು ಒಲ್ಲದವರು. ಇಷ್ಟಲಿಂಗವೊಂದನ್ನೇ ನೆಚ್ಚಿದವರಿಗೆ ಕಲ್ಲಿನ ಬೇತಾಳನಿಂದ ಆಗಬೇಕಾದುದೇನು? ಆಕ್ಷೇಪಣೆ ತೂಕವುಳ್ಳದ್ದೇ. ಸೊನ್ನಲಿಗೆಯಲ್ಲಿ ಲಿಂಗಗಳನ್ನು ಸ್ಥಾಪಿಸಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಅಲ್ಲಮರು ವಡ್ಡನೆಂದು ಹಂಗಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿ ಬಂದಿದೆ. ಗೋರಕ್ಷನ ಪ್ರಸಂಗ ಇನ್ನೂ ತೀಕ್ಷ್ಣ. ಸಾಧನೆಯಿಂದ ಮೈಯನ್ನು ವಜ್ರ ಮಾಡಿಕೊಂಡ ಆ ಸಿದ್ಧನಿಗೆ ಕತ್ತಿ ತಗುಲಿದರೆ ಖಣಿಲೆಂಬ ಸದ್ದು. ಅಲ್ಲಮರನ್ನು ಅವನು ಹೊಡೆದರೆ ಕತ್ತಿ ಬಯಲಲ್ಲಿ ಹಾದಂತೆ ಹಾದುಹೋಗುತ್ತದೆ. ಕಲ್ಲಿನಂತೆ ನಿಲ್ಲುವುದು ಸಿದ್ಧಿಯಲ್ಲ, ನಿಲ್ಲದಿರುವುದೇ ಸಿದ್ಧಿ ಎಂಬುದು ಅಲ್ಲಿಯ ತಾತ್ಪರ್ಯ. ಆದರೂ ಒಂದು ಮಾತನ್ನು ಗಮನಿಸಬೇಕು. ಗೋರಕ್ಷನ ವಿದ್ಯೆಯನ್ನು ಒಳಹೊಕ್ಕು ಬಲ್ಲವರಿಗಲ್ಲದೆ ಅದನ್ನು ದಾಟುವುದು ಸಾಧ್ಯವಿರಲಿಲ್ಲ. ಬಸವಣ್ಣನವರೂ ದೇಹವನ್ನೇ ದೇಗುಲವೆಂದು ಹೇಳುವಾಗ ಕಂಬ, ಕಳಶ ಎಂಬ ಮಾತುಗಳನ್ನು ತೆಗೆದುಕೊಂಡುದು ಕಟ್ಟುವವರ ಬಾಯಿಂದಲೇ. ಗುಡಿಯನ್ನು ಕಣ್ಣೆತ್ತಿಯೂ ನೋಡದವರ ಭಾಷೆ ಅದಲ್ಲ. ನಮ್ಮಲ್ಲಿ ಕೆಲವರು ವಚನಗಳ ಹೆಸರು ಹೇಳಿ ಶಿಲ್ಪಕ್ಕೆ ಬೆನ್ನು ತಿರುಗಿಸುತ್ತಾರೆ. ವಚನವನ್ನು ಅರ್ಧ ಓದಿದ ಫಲವದು ಎಂದು ನಾನು ತಿಳಿದಿದ್ದೇನೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ದೊಡ್ಡಗದ್ದವಳ್ಳಿಯ ಹೆಸರು ಅದರಲ್ಲಿಲ್ಲ. ಅದಕ್ಕೆ ಮೂರು ವರ್ಷ ಮೊದಲು, 2020ರ ನವೆಂಬರಿನಲ್ಲಿ, ಅಲ್ಲಿಯ ಕಾಳಿಯ ವಿಗ್ರಹ ಒಡೆದಿದ್ದುದು ಕಂಡುಬಂದಿತು. ಒಂಬೈನೂರು ವರ್ಷ ನಿಂತಿದ್ದ ಮೂರ್ತಿ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಮೊದಲು ನೆನಪಾದುದು ಆ ಹುಡುಗನ ನೋಟುಬುಕ್ಕು. ನಾನು ಮುಂದೆ ನಡಿ ಎಂದರೂ ಅವನು ಹಿಂದೆ ಉಳಿದು ಬೇತಾಳನನ್ನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ. ಎಲುಬುಗಳನ್ನು ಎಣಿಸಿ ಪಕ್ಕದಲ್ಲಿ ಸಂಖ್ಯೆಯನ್ನೂ ಗುರುತು ಹಾಕಿದ್ದ. ಮರುದಿನ ಶಾಲೆಯಲ್ಲಿ ಅದು ನನ್ನ ಕಣ್ಣಿಗೆ ಬಿತ್ತು. ರಬ್ಬರು ಕೊಟ್ಟು ನಾನೇ ಅಳಿಸಿಹಾಕಿಸಿದೆ.