ನಿಮಗಿದು ಗೊತ್ತೆ? ತಿರುವಿನಲ್ಲಿ ಹಿಂಭಾಗ ಜಾರುವ ಹಳೇ ಕಾರು

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಹೆಸರಿನಲ್ಲೇ ವಿಶ್ವೇಶ್ವರಯ್ಯ ನಾಲೆ (ವಿಶ್ವೇಶ್ವರಯ್ಯ ಕೆನಾಲ್) ಇದೆ. ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಗದ್ದೆಯ ಕೆಸರು, ಕಬ್ಬಿನ ತರಗು, ಮೇಲೊಂದು ತುಂತುರು ಮಳೆ ಸೇರಿದರೆ ಇಂಥ ನಾಲೆ ಏರಿಯ ರಸ್ತೆ ಹಳೇ ಕಾರಿಗೆ ಅಗ್ನಿಪರೀಕ್ಷೆ. ತಿರುವಿನಲ್ಲಿ ಮುಂದಿನ ಚಕ್ರ ಮಾತು ಕೇಳದೆ ನೇರ ಹೋದರೆ ಅಂಡರ್‌ಸ್ಟಿಯರ್. ಹಿಂಭಾಗ ಆಚೆ ಬೀಸಿದರೆ ಓವರ್‌ಸ್ಟಿಯರ್.

ಹೀಗೆ ಹಿಂಭಾಗ ಬೀಸುವುದಕ್ಕೆ ಹೆಸರಾಗಿದ್ದುದು ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಅದರ ಹಿಂದಿನ ಆಕ್ಸಲ್ ಎರಡು ತುಂಡು, ಚಕ್ರದ ಜೊತೆ ತೂಗುವಂಥದ್ದು. ವೇಗವಾಗಿ ತಿರುಗುವಾಗ ಗಾಬರಿಬಿದ್ದು ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೆದ್ದು, ಚಕ್ರದ ಬುಡ ಒಳಕ್ಕೆ ಮಡಚಿ, ಹಿಡಿತವೇ ತಪ್ಪುತ್ತಿತ್ತು. ಆಮೇಲೆ ಬಂದ ಅದೇ ಕಂಪನಿಯ ಗೆಜೆಲ್‌ ಕಾರಿಗೆ ಒಂದೇ ತುಂಡಿನ ಗಟ್ಟಿ ಆಕ್ಸಲ್ ಹಾಕಿದರು.

ಅಂಬಾಸಿಡರ್, ಪದ್ಮಿನಿಗಳ ಹಿಂದೆ ಇರುವುದು ಗಟ್ಟಿ ಆಕ್ಸಲ್, ಪ್ಲೇಟ್ ಸ್ಪ್ರಿಂಗು. ಅವೂ ಬೀಸಿದರೆ? ಮೊದಲು ಹಿಂದಿನ ಟೈರಿನ ಗಾಳಿ, ಸವೆತ ನೋಡಿ. ಗ್ಯಾರೇಜಿಗೆ ದುಡ್ಡು ಸುರಿಯುವುದು ಆಮೇಲೆ. ಬಂಪರ್ ಒತ್ತಿ ಬಿಟ್ಟಾಗ ಕಾರು ಕುಣಿಯುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಸ್ಟಿಯರಿಂಗ್ ನೇರವಿಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ ಎರಡೂ ಬದಿ ಟೇಪು ಹಿಡಿಯಿರಿ. ಅಳತೆ ಬೇರೆಯಾದರೆ ಆಕ್ಸಲ್ ಸರಿದಿರಬಹುದು: ಯು-ಬೋಲ್ಟ್ ಸಡಿಲವೋ, ಪ್ಲೇಟುಗಳನ್ನು ಹಿಡಿದ ನಡುಬೋಲ್ಟು ಮುರಿದಿದೆಯೋ, ಬುಷ್ ಸವೆದಿದೆಯೋ ನೋಡಬೇಕು.

ಜಾರಿದ ಕ್ಷಣ ಬ್ರೇಕ್ ಮೇಲೆ ನಿಲ್ಲಬೇಡಿ. ಹಿಂಭಾಗ ಯಾವ ಕಡೆ ಜಾರುತ್ತಿದೆಯೋ ಆ ಕಡೆಗೇ ಸ್ಟಿಯರಿಂಗ್ ಮೆಲ್ಲಗೆ ತಿರುಗಿಸಿ.