ಸೆರೆಮನೆಯ ನೆಲದಲ್ಲಿ ಕಾರುಗಳಿಗೆ ನೆಲೆ

ಬೆಂಗಳೂರಿನ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್ ನೆಲದಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಿರ್ಮಿಸಿದ ಬಹುಮಹಡಿ ವಾಹನ ನಿಲುಗಡೆ ತಾಣ 2024ರ ಜೂನ್‌ನಲ್ಲಿ ಬಳಕೆಗೆ ತೆರೆದುಕೊಂಡಿತು. ಐನೂರಕ್ಕೂ ಹೆಚ್ಚು ಕಾರುಗಳಿಗೆ ಅಲ್ಲಿ ಜಾಗವಿದೆ. ಗಾಂಧಿನಗರ, ಮೆಜೆಸ್ಟಿಕ್ ಸುತ್ತಲಿನ ದಟ್ಟಣೆಯನ್ನು ಬಲ್ಲವರಾರೂ ಇದರ ಅಗತ್ಯವನ್ನು ಅಲ್ಲಗಳೆಯಲಾರರು. ಆದರೆ ಇದು ಯಾರದೋ ಪಾಳುಬಿದ್ದ ನಿವೇಶನವಾಗಿರಲಿಲ್ಲ.

1867ರಲ್ಲಿ ಇಲ್ಲಿ ಸ್ಥಾಪನೆಯಾದದ್ದು ಕೇಂದ್ರ ಕಾರಾಗೃಹ. ಸ್ವಾತಂತ್ರ್ಯ ಹೋರಾಟಗಾರರು ಇಲ್ಲಿ ಸೆರೆವಾಸ ಅನುಭವಿಸಿದರು. 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆಂದು ನಗರಕ್ಕೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬಂಧಿಸಿ ಇಲ್ಲಿಗೇ ತಂದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳುತ್ತಲೇ ಇಲ್ಲಿ ತಿಂಗಳುಗಟ್ಟಲೆ ಬಂಧನದಲ್ಲಿದ್ದರು; 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕಾರಾಗೃಹ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡ ಬಳಿಕ, ಕಾವಲುಗೋಪುರ ಹಾಗೂ ಕೆಲವು ಬ್ಯಾರಕ್‌ಗಳನ್ನು ಉಳಿಸಿಕೊಂಡು 2008ರಲ್ಲಿ ಉದ್ಯಾನ ರೂಪುಗೊಂಡಿತು.

ಈ ನೆಲಕ್ಕೂ ನಮ್ಮ ನರಗುಂದ, ರೋಣ, ಗಜೇಂದ್ರಗಡಕ್ಕೂ ಏನು ಸಂಬಂಧ? 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಸಿಡಿದೆದ್ದುದು ನರಗುಂದದ ಬೀದಿಯಲ್ಲಿ. 2015ರಲ್ಲಿ ಮಹದಾಯಿ ನೀರಿಗಾಗಿ ಧರಣಿ ಕುಳಿತದ್ದೂ ಅಲ್ಲಿಯೇ. ಅದೇ ರೈತ ರಾಜಧಾನಿಗೆ ಬಂದು ಅಹವಾಲು ಹೇಳಬೇಕೆಂದರೆ, 2021ರ ಆದೇಶದ ಪ್ರಕಾರ ಧರಣಿ, ಪ್ರತಿಭಟನೆಗಳಿಗೆ ನಿಗದಿಯಾದ ಸ್ಥಳ ಫ್ರೀಡಂ ಪಾರ್ಕ್ ಒಂದೇ. ಒಂದು ಕಾಲಕ್ಕೆ ಪ್ರತಿಭಟಿಸಿದವರನ್ನು ಕೂಡಿಹಾಕುತ್ತಿದ್ದ ಜಾಗಕ್ಕೇ ಇಂದು ಪ್ರತಿಭಟನೆಯನ್ನು ಸೀಮಿತಗೊಳಿಸಲಾಗಿದೆ. ಹೀಗಿರುವಾಗ ಅಲ್ಲಿನ ಪ್ರತಿ ಅಡಿ ನೆಲಕ್ಕೂ ಬೆಲೆ ಕಟ್ಟುವವರು ಕೇವಲ ವಾಹನಗಳ ಲೆಕ್ಕ ಹಾಕಿದರೆ ಸಾಲದು.

ನಿಲುಗಡೆ ತಾಣ ಸಾರ್ಥಕವಾಗಬೇಕಾದರೆ ಸುತ್ತಲಿನ ರಸ್ತೆಬದಿಯ ನಿಲುಗಡೆಗೆ ಕಡಿವಾಣ ಬೀಳಬೇಕು. ಬೀದಿಯಲ್ಲಿ ಪುಕ್ಕಟೆ ಜಾಗ ಸಿಗುವಾಗ ಹಣ ತೆತ್ತು ಒಳಗೆ ಹೋಗುವವರು ಯಾರು? ತೆರವಾದ ರಸ್ತೆಬದಿ ಪಾದಚಾರಿಗಳಿಗೆ ದಕ್ಕಬೇಕು. ಜೊತೆಗೆ, ಕಾರು ನಿಲ್ಲಿಸಿ ಹೊರಬರುವವರ ಕಣ್ಣಿಗೆ ಬೀಳುವಂತೆ ಈ ನೆಲದ ಚರಿತ್ರೆ ಕನ್ನಡದಲ್ಲಿ ದಾಖಲಾಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಧರಣಿ ಕೂರುವ ಅಂಗಳ ಇನ್ನು ಒಂದಡಿಯೂ ಕಿರಿದಾಗಕೂಡದು. ವಾಹನ ನಿಲ್ಲಿಸಲು ನಗರದಲ್ಲಿ ಬೇರೆ ತಾಣಗಳನ್ನು ಹುಡುಕಬಹುದು. ದೂರದೂರಿನಿಂದ ಬಂದ ರೈತನಿಗೆ ನಿಂತು ಮಾತನಾಡಲು ಉಳಿದಿರುವುದು ಇದೊಂದೇ.